ಬಾಲ್‌ರೂಮ್ ಡ್ಯಾನ್ಸ್ ಗೇಮ್ ಡಿಸೈನ್ ಮಾಡೋದು ಹೇಗೆ? ಒಂದು ವಾಲ್ಟ್ಜ್‌ನಿಂದ ಶುರು ಮಾಡೋಣ

"ಬಾಲ್‌ರೂಮ್ ಡ್ಯಾನ್ಸ್ ಬಗ್ಗೆ ಒಂದು ವಿಡಿಯೋ ಗೇಮ್ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?" ಗೇಮ್ ಡಿಸೈನ್ ಕಲಿಯುತ್ತಿರುವ ಓದುಗರು ಈ ಪ್ರಶ್ನೆಯನ್ನು ಪದೇ ಪದೇ ಕೇಳುತ್ತಾರೆ. ಯಾವ ಎಂಜಿನ್ ಒಳ್ಳೇದು, ಹಾಡು ಎಲ್ಲಿಂದ ತರೋದು, ಡ್ಯಾನ್ಸ್ ಬರದಿದ್ದರೆ ನಡೆಯುತ್ತಾ ಅನ್ನೋದನ್ನೂ ಕೇಳುತ್ತಾರೆ. ಎಲ್ಲಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಬಾಲ್‌ರೂಮ್ ಅಂದರೆ ಸಭಾಂಗಣದ ನೆಲದಲ್ಲಿ ಇಬ್ಬರು ಜೋಡಿಯಾಗಿ ಮಾಡುವ ಪಾಶ್ಚಾತ್ಯ ಡ್ಯಾನ್ಸ್, ವಾಲ್ಟ್ಜ್ ಅದರಲ್ಲಿ ಒಂದು ಬಗೆ. ಹೆಚ್ಚಿನವರ ತಲೆಯಲ್ಲಿ ಇರೋದು ಬಾಣದ ಗುರುತು ಬಂದಾಗ ಬಟನ್ ಒತ್ತುವ ಆಟ. ಕೊನಾಮಿ ಕಂಪನಿ 1998ರಲ್ಲಿ ಜಪಾನಿನ ಆರ್ಕೇಡ್‌ಗಳಿಗೆ ತಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್‌ನಿಂದ ಆ ಮಾದರಿ ಎಲ್ಲೆಡೆ ಹರಡಿತು. ಅದು ಒಳ್ಳೆಯ ಮಾದರಿಯೇ. ಆದರೆ ಆ ಬಾಣಗಳ ಹಿಂದೆ ಗೌನು, ಕೋಟು ಹಾಕಿದ ಒಂದು ಜೋಡಿಯನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಬಾಲ್‌ರೂಮ್ ಗೇಮ್ ಆಗೋದಿಲ್ಲ. ಬಾಲ್‌ರೂಮ್‌ನಲ್ಲಿ ತಾಳ ಬರೀ ನೆಲಗಟ್ಟು. ಅದರ ಮೇಲೆ ನಡೆಯೋದು ಎರಡು ಕೆಲಸ: ಇಬ್ಬರು ಮಾತಿಲ್ಲದೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳೋದು, ಮತ್ತು ಬೇರೆ ಜೋಡಿಗಳು ತುಂಬಿರುವ ನೆಲದಲ್ಲಿ ದಾರಿ ಮಾಡಿಕೊಂಡು ಹೋಗೋದು. ಇವೆರಡನ್ನೂ ಆಟಗಾರರ ಕೈಗೆ ಕೊಟ್ಟರೆ ಮಾತ್ರ ನಿಮ್ಮ ಗೇಮ್‌ಗೆ ಅರ್ಥ ಇದೆ. ಕೆಳಗಿನ ಎಲ್ಲ ಹಂತಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ.

ಏನೇನು ಬೇಕು

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಂಜಿನ್‌ಗೆ ಗೋಡೊ ತೆಗೆದುಕೊಳ್ಳಿ. ಎಂಜಿನ್ ಅಂದರೆ ಚಿತ್ರ, ಧ್ವನಿ, ಬಟನ್ ಎಲ್ಲವನ್ನೂ ಸಂಭಾಳಿಸುವ ತಳಹದಿ ತಂತ್ರಾಂಶ. ಗೋಡೊ ಉಚಿತ, ಅದರ ಮೂಲ ಕೋಡ್ ಕೂಡ ತೆರೆದಿದೆ, ಗೇಮ್ ಮಾರಿದರೂ ಅವರಿಗೆ ಪಾಲು ಕೊಡಬೇಕಿಲ್ಲ. ಯೂನಿಟಿ ಈಗಾಗಲೇ ಗೊತ್ತಿದ್ದರೆ ಅದರಲ್ಲೇ ಮಾಡಿ, ಎಂಜಿನ್ ಬದಲಾಯಿಸುತ್ತಾ ಕೂರಬೇಡಿ. ಪಾತ್ರಗಳ ದೇಹ ಮತ್ತು ಚಲನೆ ಮಾಡಲು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶ. ವೈಬ್ರೇಷನ್ ಇರುವ ಒಂದು ಗೇಮ್‌ಪ್ಯಾಡ್. ವೈರ್ ಇರುವ ಹೆಡ್‌ಫೋನ್. ವೈರ್ ಯಾಕೆ ಅನ್ನೋದು ಐದನೇ ಹಂತದಲ್ಲಿ ಗೊತ್ತಾಗುತ್ತೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಜೊತೆ ಹೆಜ್ಜೆ ಹಾಕಲು ಒಪ್ಪುವ ಒಬ್ಬ ಮನುಷ್ಯರು ಬೇಕು.

1. ಒಂದೇ ಡ್ಯಾನ್ಸ್ ಆರಿಸಿಕೊಳ್ಳಿ

ಸ್ಪರ್ಧೆಯ ಬಾಲ್‌ರೂಮ್‌ನಲ್ಲಿ ಎರಡು ಗುಂಪು. ಸ್ಟ್ಯಾಂಡರ್ಡ್ ಗುಂಪಿನಲ್ಲಿ ವಾಲ್ಟ್ಜ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಜ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್ ಗುಂಪಿನಲ್ಲಿ ಸಾಂಬಾ, ಚಾ ಚಾ ಚಾ, ರುಂಬಾ, ಪಾಸೊ ಡೋಬ್ಲೆ, ಜೈವ್. ಹತ್ತನ್ನೂ ಗೇಮ್‌ನಲ್ಲಿ ಹಾಕಬೇಕು ಅನ್ನಿಸುತ್ತೆ, ಅಲ್ವಾ? ಬೇಡ. ಮೊದಲ ಗೇಮ್‌ಗೆ ವಾಲ್ಟ್ಜ್ ಒಂದೇ ಸಾಕು. ಒಂದು ಸಭಾಂಗಣ, ಮೂರು ಹಾಡು, ಆರು ಜೋಡಿ.

ವಾಲ್ಟ್ಜ್ ಯಾಕೆ? ಅದು ನಿಧಾನ. ಸಂಗೀತವನ್ನು ಬೀಟ್ ಮತ್ತು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ. ಬೀಟ್ ಅಂದರೆ ತಾಳದ ಒಂದು ಏಟು, ಬಾರ್ ಅಂದರೆ ಅಂಥ ಏಟುಗಳ ಒಂದು ಆವರ್ತನ. ಸ್ಪರ್ಧೆಯ ವಾಲ್ಟ್ಜ್ ನಿಮಿಷಕ್ಕೆ 28ರಿಂದ 30 ಬಾರ್ ಓಡುತ್ತೆ. ಒಂದು ಬಾರ್‌ಗೆ ಮೂರು ಬೀಟ್, ಅಂದರೆ ನಿಮಿಷಕ್ಕೆ 84ರಿಂದ 90 ಬೀಟ್. 30 ಬಾರ್ ವೇಗದಲ್ಲಿ ಒಂದು ಬಾರ್‌ಗೆ ಸರಿಯಾಗಿ ಎರಡು ಸೆಕೆಂಡ್ ಸಿಗುತ್ತೆ. ಯೋಚಿಸಲು, ಸುತ್ತ ನೋಡಲು ಅಷ್ಟು ಸಮಯ ಬೇಕೇ ಬೇಕು. ವಿಯೆನ್ನೀಸ್ ವಾಲ್ಟ್ಜ್ 58ರಿಂದ 60 ಬಾರ್. ಅದರಲ್ಲಿ ಆಟಗಾರರಿಗೆ ಉಸಿರಾಡಲೂ ಬಿಡುವಿಲ್ಲ.

ರೂಪಕ ತಾಳ ಹಾಕಿ ರೂಢಿ ಇದ್ದವರಿಗೆ ಮೂರರ ಎಣಿಕೆ ಹೊಸದಲ್ಲ. ವಾಲ್ಟ್ಜ್‌ನಲ್ಲಿ ಭಾರ ಮಾತ್ರ ಪೂರ್ತಿ ಒಂದನೇ ಬೀಟ್ ಮೇಲೆ ಬೀಳುತ್ತೆ ಅನ್ನೋದನ್ನು ಗಮನದಲ್ಲಿಡಿ.

2. ಕೋಡ್ ಬರೆಯುವ ಮೊದಲು ನೀವೇ ಹೆಜ್ಜೆ ಹಾಕಿ

ಡ್ಯಾನ್ಸ್ ಬರದಿದ್ದರೂ ಗೇಮ್ ಮಾಡಬಹುದಾ? ಮಾಡಬಹುದು. ಆದರೆ ಒಂದು ವಾಲ್ಟ್ಜ್‌ನ ಮೂಲ ಹೆಜ್ಜೆಯನ್ನಾದರೂ ಸ್ವಂತ ಕಾಲಿನಲ್ಲಿ ಕಲಿಯಲೇಬೇಕು. ಬೆಂಗಳೂರಿನಲ್ಲಿ ಸಾಲ್ಸಾ ಜೊತೆಗೆ ವಾಲ್ಟ್ಜ್ ಕಲಿಸುವ ಸ್ಟುಡಿಯೋಗಳಿವೆ. ಕೆಲವು ತರಗತಿಗೆ ಹೋದರೆ ಸಾಕು. ಬರೀ ವಿಡಿಯೋ ನೋಡಿ ಕಲಿತರೆ ಮುಖ್ಯವಾದದ್ದೇ ತಪ್ಪಿಹೋಗುತ್ತೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಮೈಗೆ ತಿಳಿಯುವಂಥದ್ದು.

ಹಿಡಿತ ಹೀಗಿರುತ್ತೆ. ಲೀಡರ್, ಅಂದರೆ ದಾರಿ ತೋರಿಸುವವರು, ತಮ್ಮ ಎಡಗೈಯಲ್ಲಿ ಜೊತೆಗಾರರ ಬಲಗೈ ಹಿಡಿಯುತ್ತಾರೆ. ಬಲಗೈಯನ್ನು ಜೊತೆಗಾರರ ಎಡ ಭುಜದ ಮೂಳೆಯ ಕೆಳಗೆ ಇಡುತ್ತಾರೆ. ಫಾಲೋವರ್, ಅಂದರೆ ಆ ಸೂಚನೆಗೆ ಸ್ಪಂದಿಸುವವರು, ತಮ್ಮ ಎಡಗೈಯನ್ನು ಲೀಡರ್‌ನ ಬಲತೋಳಿನ ಮೇಲೆ ಇಡುತ್ತಾರೆ. ಇಬ್ಬರೂ ಎದುರುಬದುರು ನೇರವಾಗಿ ನಿಲ್ಲೋದಿಲ್ಲ. ಒಬ್ಬೊಬ್ಬರೂ ತಮ್ಮ ಎಡಕ್ಕೆ ಸ್ವಲ್ಪ ಸರಿದಿರುತ್ತಾರೆ. ಹಾಗಾಗಿ ಒಬ್ಬರ ಕಾಲು ಇನ್ನೊಬ್ಬರ ಕಾಲಿಗೆ ತಗಲೋದಿಲ್ಲ.

ಈಗ ಒಂದು ವಿಷಯ ಗಮನಿಸಿ. ಮೂರನೇ ಬೀಟ್‌ನ ಕೊನೆಗೆ ಇಬ್ಬರೂ ಮಂಡಿ ಸಡಿಲಿಸಿ ಸ್ವಲ್ಪ ಕೆಳಗಿಳಿಯುತ್ತಾರೆ. ಆ ಇಳಿತದಲ್ಲೇ "ಮುಂದಿನ ಹೆಜ್ಜೆ ಈ ಕಡೆ" ಅನ್ನುವ ಸೂಚನೆ ಲೀಡರ್‌ನ ಮೈಯಿಂದ ಫಾಲೋವರ್‌ನ ಮೈಗೆ ದಾಟುತ್ತೆ. ಒಂದನೇ ಬೀಟ್‌ಗೆ ಹೆಜ್ಜೆ ಬೀಳುವಷ್ಟರಲ್ಲಿ ತೀರ್ಮಾನ ಮುಗಿದಿರುತ್ತೆ. ಆಮೇಲೆ ಎರಡು, ಮೂರರಲ್ಲಿ ಮೈ ಏರುತ್ತಾ ಹೋಗಿ ಮತ್ತೆ ಇಳಿಯುತ್ತೆ. ಅಂದರೆ ಬಾಲ್‌ರೂಮ್‌ನಲ್ಲಿ ಮುಖ್ಯ ಕೆಲಸ ಬೀಟ್‌ಗೆ ಮುಂಚೆಯೇ ಆಗುತ್ತೆ. ಬಾಣದ ಗೇಮ್‌ಗಳು ಬೀಟ್ ಮೇಲೆ ಏನಾಯಿತು ಅಂತ ಮಾತ್ರ ನೋಡುತ್ತವೆ. ನಿಮ್ಮ ಗೇಮ್ ಈ ಮುಂಚಿನ ಕ್ಷಣವನ್ನು ಹಿಡಿಯಬೇಕು.

3. ಫಿಗರ್‌ಗಳ ಪಟ್ಟಿ ಮಾಡಿ

ಇಡೀ ಗೇಮ್‌ನ ಬೆನ್ನೆಲುಬು ಇದು. ನಿಧಾನವಾಗಿ ಓದಿ.

ಫಿಗರ್ ಅಂದರೆ ಹೆಸರಿರುವ ಒಂದು ಹೆಜ್ಜೆಗಳ ಗುಂಪು. ಜೋಡಿಗಳು ನೆಲದ ಸುತ್ತ ಅಪ್ರದಕ್ಷಿಣೆಯಾಗಿ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ, ಸಾಗುತ್ತವೆ. ಈ ದಾರಿಗೆ ಲೈನ್ ಆಫ್ ಡ್ಯಾನ್ಸ್ ಅಂತ ಹೆಸರು. ಆ ದಿಕ್ಕಿಗೆ ಮುಖ ಮಾಡಿದರೆ ಬಲಕ್ಕೆ ಗೋಡೆ, ಎಡಕ್ಕೆ ಸಭಾಂಗಣದ ಮಧ್ಯ. ವಾಲ್ಟ್ಜ್ ಶುರು ಮಾಡುವ ಲೀಡರ್ ಸಾಮಾನ್ಯವಾಗಿ ಗೋಡೆಯ ಕಡೆ 45 ಡಿಗ್ರಿ ಓರೆಯಾಗಿ ನಿಲ್ಲುತ್ತಾರೆ. ಇದನ್ನು "ಗೋಡೆ-ಓರೆ" ಅನ್ನೋಣ. ಹಾಗೇ ಸಭಾಂಗಣದ ಮಧ್ಯದ ಕಡೆ 45 ಡಿಗ್ರಿ ಓರೆಯಾಗಿ ನಿಂತರೆ "ಮಧ್ಯ-ಓರೆ".

ಮೂರು ಫಿಗರ್ ಸಾಕು:

ನ್ಯಾಚುರಲ್ ಟರ್ನ್. ಬಲಕ್ಕೆ ತಿರುಗುವುದು. ಆರು ಹೆಜ್ಜೆ, ಎರಡು ಬಾರ್. ಲೀಡರ್ ಬಲಗಾಲಿನಿಂದ ಶುರು. ಗೋಡೆ-ಓರೆಯಿಂದ ಹೊರಟು ಮೊದಲ ಬಾರ್‌ನಲ್ಲಿ 135 ಡಿಗ್ರಿ, ಎರಡನೇ ಬಾರ್‌ನಲ್ಲಿ ಇನ್ನೊಂದು 135 ಡಿಗ್ರಿ ತಿರುಗಿ ಮಧ್ಯ-ಓರೆಗೆ ಬಂದು ನಿಲ್ಲುತ್ತಾರೆ.

ರಿವರ್ಸ್ ಟರ್ನ್. ಇದೇ ಲೆಕ್ಕ, ಎಡಕ್ಕೆ. ಎಡಗಾಲಿನಿಂದ ಶುರು. ಮಧ್ಯ-ಓರೆಯಿಂದ ಗೋಡೆ-ಓರೆಗೆ.

ಕ್ಲೋಸ್ಡ್ ಚೇಂಜ್. ಮೂರು ಹೆಜ್ಜೆ, ಒಂದು ಬಾರ್, ತಿರುವಿಲ್ಲ. ಎರಡು ಬಗೆ ಇದೆ: ಒಂದು ಬಲಗಾಲಿನಿಂದ, ಇನ್ನೊಂದು ಎಡಗಾಲಿನಿಂದ ಶುರು.

ನ್ಯಾಚುರಲ್ ಟರ್ನ್ ಮುಗಿದಾಗ ಆರು ಹೆಜ್ಜೆ ಆಗಿರುತ್ತೆ. ಹಾಗಾಗಿ ಮತ್ತೆ ಬಲಗಾಲೇ ಬಿಡುವಾಗಿರುತ್ತೆ. ರಿವರ್ಸ್ ಟರ್ನ್‌ಗೆ ಎಡಗಾಲು ಬೇಕು. ನಡುವೆ ಮೂರು ಹೆಜ್ಜೆಯ ಚೇಂಜ್ ಹಾಕಿದರೆ ಕಾಲು ಬದಲಾಗುತ್ತೆ. ಆಗ ನ್ಯಾಚುರಲ್, ಚೇಂಜ್, ರಿವರ್ಸ್, ಚೇಂಜ್ ಅಂತ ಒಂದು ಸುತ್ತು ಪೂರ್ತಿ. ಎರಡು, ಒಂದು, ಎರಡು, ಒಂದು: ಒಟ್ಟು ಆರು ಬಾರ್, 18 ಹೆಜ್ಜೆ, 30 ಬಾರ್ ವೇಗದಲ್ಲಿ 12 ಸೆಕೆಂಡ್.

ಈಗ ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಫಿಗರ್‌ಗೆ ಒಂದು ಸಾಲು ಬರೆಯಿರಿ: ಹೆಸರು, ಶುರುವಿನ ಕಾಲು, ಶುರುವಿನ ದಿಕ್ಕು, ಎಷ್ಟು ಬಾರ್, ಎಷ್ಟು ತಿರುವು, ಎಷ್ಟು ಮೀಟರ್ ಮುಂದೆ, ಮುಗಿದಾಗ ಬಿಡುವಾಗುವ ಕಾಲು, ಮುಗಿದಾಗಿನ ದಿಕ್ಕು. ಒಂದರ ಕೊನೆಯ ಕಾಲು ಮತ್ತು ದಿಕ್ಕು ಇನ್ನೊಂದರ ಶುರುವಿಗೆ ಹೊಂದಿದರೆ ಮಾತ್ರ ಅವೆರಡು ಜೋಡಣೆಯಾಗುತ್ತವೆ. ಯಾವ ಫಿಗರ್ ನಂತರ ಯಾವುದು ಬರಬಹುದು ಅನ್ನೋದನ್ನು ನೀವು ಕೋಡ್‌ನಲ್ಲಿ ಬೇರೆಯಾಗಿ ಬರೆಯಬೇಕಿಲ್ಲ, ಪಟ್ಟಿಯೇ ಹೇಳುತ್ತೆ. ಫಾಲೋವರ್‌ಗೂ ಇದೇ ಸಾಲು ನಡೆಯುತ್ತೆ. ಲೀಡರ್ ಬಲಗಾಲು ಮುಂದೆ ಇಟ್ಟರೆ ಅವರು ಎಡಗಾಲು ಹಿಂದೆ ಇಡುತ್ತಾರೆ.

ಈ ಪಟ್ಟಿಯ ಚೆಂದ ಗೊತ್ತಾಗೋದು ಮೂಲೆಯಲ್ಲಿ. ಮೂಲೆಗೆ ಬಂದಾಗ ಲೈನ್ ಆಫ್ ಡ್ಯಾನ್ಸ್ ಎಡಕ್ಕೆ 90 ಡಿಗ್ರಿ ತಿರುಗುತ್ತೆ. ನ್ಯಾಚುರಲ್ ಟರ್ನ್ ಮುಗಿಸಿ ಮಧ್ಯ-ಓರೆಯಾಗಿ ನಿಂತ ಜೋಡಿ, ಹೊಸ ದಾರಿಯ ಲೆಕ್ಕದಲ್ಲಿ ಗೋಡೆ-ಓರೆಯಾಗಿ ನಿಂತಿರುತ್ತೆ! ಬಿಡುವಾದ ಕಾಲು ಬಲಗಾಲೇ. ಹಾಗಾಗಿ ಚೇಂಜ್ ಇಲ್ಲದೆ ನೇರವಾಗಿ ಇನ್ನೊಂದು ನ್ಯಾಚುರಲ್ ಟರ್ನ್ ಹೊಡೆಯಬಹುದು. ನೀವು ಮೂಲೆಗೆ ಅಂತ ವಿಶೇಷ ನಿಯಮ ಬರೆಯದೇ ಇದ್ದರೂ ಗೇಮ್ ತಾನೇ ಸರಿಯಾದ ಉತ್ತರ ಕೊಡುತ್ತೆ. ಆಟಗಾರರು ಇದನ್ನು ಸ್ವತಃ ಕಂಡುಹಿಡಿದಾಗ ಆಗುವ ಖುಷಿಯೇ ಬೇರೆ. ಟ್ಯುಟೋರಿಯಲ್‌ನಲ್ಲಿ ಹೇಳಿಬಿಡಬೇಡಿ.

ಎಚ್ಚರ: ಮೊದಲ ವಾರವೇ ಇಪ್ಪತ್ತು ಫಿಗರ್ ಸೇರಿಸಬೇಡಿ. ಮೂರು ಫಿಗರ್‌ನಲ್ಲಿ ಆಟ ಮಜಾ ಕೊಡದಿದ್ದರೆ ಇಪ್ಪತ್ತರಲ್ಲೂ ಕೊಡೋದಿಲ್ಲ.

4. ಕಾಗದದ ಮೇಲೆ ಆಡಿ ನೋಡಿ

ಎ4 ಹಾಳೆಯ ಮೇಲೆ 24 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲದ ಚೌಕಟ್ಟು ಹಾಕಿ. ಒಂದು ಸೆಂಟಿಮೀಟರ್ ಅಂದರೆ ಒಂದು ಮೀಟರ್. ಆರು ನಾಣ್ಯಗಳ ಮೇಲೆ ದಿಕ್ಕಿನ ಗೆರೆ ಎಳೆಯಿರಿ. ಒಂದೊಂದೂ ಒಂದು ಜೋಡಿ. ಒಂದು ಬಾರ್‌ಗೆ ಒಂದೂವರೆ ಸೆಂಟಿಮೀಟರ್ ಮುಂದೆ ಅಂತ ಇಟ್ಟುಕೊಳ್ಳಿ. ಎಲ್ಲರೂ ಮುಂದಿನ ಫಿಗರ್ ಅನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯಬೇಕು, ಒಟ್ಟಿಗೆ ನಾಣ್ಯ ಸರಿಸಬೇಕು. ಡಿಕ್ಕಿ ಆದರೆ ಇಬ್ಬರಿಗೂ ನಷ್ಟ.

ಗೋಡೆಯಿಂದ ಎರಡು ಮೀಟರ್ ಒಳಗೆ ಸಾಗುವ ಜೋಡಿಗೆ ಉದ್ದದ ಬದಿಯಲ್ಲಿ 20 ಮೀಟರ್ ಸಿಗುತ್ತೆ. ಆರು ಬಾರ್‌ನ ಒಂದು ಸುತ್ತು 9 ಮೀಟರ್. ಎರಡು ಸುತ್ತು ಮುಗಿಸಿದರೆ 18. ಮುಂದಿನ ನ್ಯಾಚುರಲ್ ಟರ್ನ್ ಮೂಲೆಗೇ ಬಂದು ಬೀಳುತ್ತೆ. ನಿಮ್ಮ ಅಳತೆಗಳು ಹೀಗೆ ಒಂದಕ್ಕೊಂದು ಹೊಂದುವವರೆಗೆ ಕಾಗದ ಬಿಟ್ಟು ಏಳಬೇಡಿ. ಕೋಡ್‌ನಲ್ಲಿ ಇದನ್ನು ತಿದ್ದಲು ದಿನಗಟ್ಟಲೆ ಬೇಕು, ಕಾಗದದಲ್ಲಿ ರಬ್ಬರ್ ಸಾಕು.

5. ಸಂಗೀತ ಮತ್ತು ಗಡಿಯಾರ

ಮೊದಲು ಹಕ್ಕಿನ ವಿಷಯ. ಭಾರತದಲ್ಲಿ ಸಂಗೀತ ರಚನೆಯ ಹಕ್ಕು ರಚನೆಕಾರರು ತೀರಿಕೊಂಡ ಮೇಲೆ 60 ವರ್ಷ ಇರುತ್ತೆ. ರೆಕಾರ್ಡಿಂಗ್‌ನ ಹಕ್ಕು ಬೇರೆ, ಅದು ಪ್ರಕಟವಾದ ಮೇಲೆ 60 ವರ್ಷ. ವಿಯೆನ್ನಾದ ಯೋಹಾನ್ ಸ್ಟ್ರಾಸ್ (ಕಿರಿಯ) 1899ರಲ್ಲಿ ತೀರಿಕೊಂಡರು. ಅವರ ವಾಲ್ಟ್ಜ್‌ಗಳನ್ನು ಯಾರು ಬೇಕಾದರೂ ನುಡಿಸಬಹುದು. ಆದರೆ ಯಾವುದೋ ಆರ್ಕೆಸ್ಟ್ರಾ ಈಚೆಗೆ ನುಡಿಸಿದ ಧ್ವನಿಮುದ್ರಿಕೆಯನ್ನು ಎತ್ತಿ ಹಾಕಿಕೊಳ್ಳುವಂತಿಲ್ಲ. ಬಹಳ ಜನ ಜಾರಿ ಬೀಳೋದು ಇಲ್ಲೇ. ಹೊರದೇಶದಲ್ಲೂ ಮಾರುವುದಾದರೆ ಅಲ್ಲಿನ ಅವಧಿಯನ್ನೂ ನೋಡಿ. ಯುರೋಪಿನಲ್ಲಿ ರಚನೆಯ ಹಕ್ಕು 70 ವರ್ಷ. ನನ್ನ ಸಲಹೆ: ಪಿಯಾನೋ ನುಡಿಸುವ ಒಬ್ಬರಿಗೆ ದುಡ್ಡು ಕೊಟ್ಟು, ಲಿಖಿತ ಒಪ್ಪಂದ ಮಾಡಿಕೊಂಡು, ಮೂರು ಹೊಸ ವಾಲ್ಟ್ಜ್ ಮಾಡಿಸಿ.

ಸ್ಟ್ರಾಸ್ ಸಂಗೀತಕ್ಕೆ ಇನ್ನೊಂದು ತೊಡಕಿದೆ. ವಿಯೆನ್ನಾದ ವಾದಕರು ಎರಡನೇ ಬೀಟ್ ಅನ್ನು ಒಂಚೂರು ಮುಂಚೆಯೇ ನುಡಿಸುತ್ತಾರೆ. ಕೇಳಲು ಅದ್ಭುತ. ಆದರೆ ಸಮನಾದ ಬೀಟ್ ಲೆಕ್ಕ ಇಟ್ಟುಕೊಂಡ ಗೇಮ್‌ಗೆ ಎಲ್ಲವೂ ತಪ್ಪಾಗಿ ಕಾಣುತ್ತೆ. ಡ್ಯಾನ್ಸ್ ಕಲಿಯುವವರಿಗೆ ಅಂತಲೇ ವೇಗ ಏರುಪೇರಾಗದ ಹಾಗೆ ನುಡಿಸುವ ಪದ್ಧತಿ ಇದೆ, ಅದಕ್ಕೆ ಸ್ಟ್ರಿಕ್ಟ್ ಟೆಂಪೊ ಅನ್ನುತ್ತಾರೆ. 1922ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಇಂಗ್ಲೆಂಡಿನ ವಿಕ್ಟರ್ ಸಿಲ್ವೆಸ್ಟರ್ ಆಮೇಲೆ ಇಂಥ ವಾದ್ಯವೃಂದ ಕಟ್ಟಿಯೇ ಹೆಸರು ಮಾಡಿದರು. ಮೊದಲ ಗೇಮ್‌ಗೆ ಸ್ಟ್ರಿಕ್ಟ್ ಟೆಂಪೊ ಸಂಗೀತವನ್ನೇ ಮಾಡಿಸಿ.

ಇನ್ನು ಗಡಿಯಾರ. ಬೀಟ್ ಎಲ್ಲಿದೆ ಅನ್ನೋದನ್ನು ಫ್ರೇಮ್ ಎಣಿಸಿ ತಿಳಿಯಲು ಹೋಗಬೇಡಿ. ಫ್ರೇಮ್ ಅಂದರೆ ಪರದೆಯ ಒಂದು ಚಿತ್ರ. ಸೆಕೆಂಡಿಗೆ 60 ಇದ್ದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಫೋನ್ ಬಿಸಿಯಾಗಿ ಫ್ರೇಮ್ ತಪ್ಪಿದರೆ ನಿಮ್ಮ ಎಣಿಕೆ ಹಾಡಿನಿಂದ ಹಿಂದೆ ಬೀಳುತ್ತೆ. ಯಾವಾಗಲೂ ಹಾಡನ್ನೇ ಕೇಳಿ ಸಮಯ ತಿಳಿಯಿರಿ. ಗೋಡೊದಲ್ಲಿ ಹಾಡಿನ ಸದ್ಯದ ಸ್ಥಾನ ಕೇಳಿ, ಅದಕ್ಕೆ ಕೊನೆಯ ಧ್ವನಿ ಮಿಶ್ರಣದಿಂದ ಕಳೆದ ಸಮಯ ಕೂಡಿಸಿ, ಧ್ವನಿ ಹೊರಬರಲು ಆಗುವ ವಿಳಂಬ ಕಳೆಯಿರಿ. ಮೂರಕ್ಕೂ ಸಿದ್ಧ ಫಂಕ್ಷನ್‌ಗಳಿವೆ. ಹಾಡಿನ ಫೈಲ್ ವೇವ್ ಅಥವಾ ಆಗ್ ರೂಪದಲ್ಲಿರಲಿ. ಎಂಪಿ3ಯ ಶುರುವಿನಲ್ಲಿ ಕೆಲವು ಮಿಲಿಸೆಕೆಂಡ್ ಮೌನ ಸೇರಿಕೊಳ್ಳುತ್ತೆ, ಅದು ಸುಮ್ನೆ ತಲೆನೋವು.

ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಧ್ವನಿ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ, ತಡವಾಗಿ ಕೇಳುತ್ತೆ. ನೀವು ಪರೀಕ್ಷಿಸುವಾಗ ವೈರ್ ಬಳಸಿ. ಆಟಗಾರರಿಗಾಗಿ ಒಂದು ಹೊಂದಾಣಿಕೆ ಪರದೆ ಇಡಿ: 16 ಬೀಟ್‌ಗೆ ತಟ್ಟಲು ಹೇಳಿ, ಮೊದಲ ನಾಲ್ಕನ್ನು ಬಿಟ್ಟು, ಉಳಿದ ತಟ್ಟುಗಳು ಬೀಟ್‌ಗಿಂತ ಎಷ್ಟೆಷ್ಟು ತಡ ಅನ್ನೋದನ್ನು ಕ್ರಮವಾಗಿ ಜೋಡಿಸಿ ನಡುವಿನ ಬೆಲೆಯನ್ನು ವಿಳಂಬ ಅಂತ ತೆಗೆದುಕೊಳ್ಳಿ. ಸರಾಸರಿ ಬೇಡ, ಒಂದು ತಪ್ಪು ತಟ್ಟು ಸಿಕ್ಕರೂ ಸರಾಸರಿ ಹಾಳಾಗುತ್ತೆ.

6. ಕೈಗೆ ಏನು ಕೊಡ್ತೀರಿ?

ಎರಡನೇ ಹಂತದಲ್ಲಿ ಹೇಳಿದ ಇಳಿತವನ್ನು ನೆನಪಿಸಿಕೊಳ್ಳಿ. ಗೇಮ್‌ಪ್ಯಾಡ್‌ನ ಟ್ರಿಗರ್, ಅಂದರೆ ತೋರುಬೆರಳಿಗೆ ಸಿಗುವ ಒತ್ತುಗುಂಡಿ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರನೇ ಬೀಟ್‌ಗೆ ಟ್ರಿಗರ್ ಒತ್ತಿದರೆ ಜೋಡಿ ಕೆಳಗಿಳಿಯುತ್ತೆ. ಒತ್ತಿ ಹಿಡಿದಾಗ ಎಡಗೈಯ ಸ್ಟಿಕ್‌ನಿಂದ ದಿಕ್ಕು ಕೊಡಬೇಕು: ಬಲಕ್ಕೆ ನ್ಯಾಚುರಲ್, ಎಡಕ್ಕೆ ರಿವರ್ಸ್, ಮುಂದೆ ಚೇಂಜ್. ಒಂದನೇ ಬೀಟ್‌ಗೆ ಟ್ರಿಗರ್ ಬಿಟ್ಟರೆ ಹೆಜ್ಜೆ ಹೊರಡುತ್ತೆ. ಎರಡು, ಮೂರನೇ ಹೆಜ್ಜೆಗಳು ತಾವಾಗಿಯೇ ಆಗುತ್ತವೆ. ಎರಡು ಬಾರ್‌ನ ಟರ್ನ್‌ಗೆ ನಡುವೆ ಮತ್ತೊಮ್ಮೆ ಒತ್ತಿ ಬಿಟ್ಟರೆ ಸಾಕು, ದಿಕ್ಕು ಬೇಡ.

ಹೀಗೆ ಒಂದು ಬಾರ್‌ಗೆ ಒಂದು ಒತ್ತು, ಒಂದು ಬಿಡು. ಉಳಿದ ಸಮಯದಲ್ಲಿ ಆಟಗಾರರ ಕಣ್ಣು ನೆಲದ ಮೇಲಿರುತ್ತೆ. ಪ್ರತಿ ಹೆಜ್ಜೆಗೂ ಬಟನ್ ಇಟ್ಟರೆ ಅವರು ಪರದೆಯ ಅಂಚಿನಲ್ಲಿ ಬರುವ ಗುರುತುಗಳನ್ನೇ ನೋಡುತ್ತಾ ಕೂರುತ್ತಾರೆ, ಜೋಡಿ ಕಡೆ ನೋಡೋದೇ ಇಲ್ಲ. ಫೋನ್‌ನಲ್ಲಾದರೆ ಹೆಬ್ಬೆರಳು ಒತ್ತಿ ಹಿಡಿದು, ಸರಿಸಿ, ಬಿಡೋದು.

ಎಷ್ಟು ಮಿಲಿಸೆಕೆಂಡ್ ವ್ಯತ್ಯಾಸ ಒಪ್ಪಬೇಕು? ಸ್ಥಿರ ಸಂಖ್ಯೆ ಇಡಬೇಡಿ. ವಾಲ್ಟ್ಜ್‌ನ ಒಂದು ಬೀಟ್ ಸುಮಾರು 667 ಮಿಲಿಸೆಕೆಂಡ್. ಆಚೆ ಈಚೆ 140 ಕೊಟ್ಟರೆ ತಕ್ಕಮಟ್ಟಿಗೆ ಸರಿ. ಅದೇ ಸಂಖ್ಯೆಯನ್ನು ಮುಂದೆ ಕ್ವಿಕ್‌ಸ್ಟೆಪ್‌ಗೆ ಹಾಕಿದರೆ, ಅಲ್ಲಿ ಬೀಟ್ 300 ಮಿಲಿಸೆಕೆಂಡ್‌ಗಿಂತ ಜಾಸ್ತಿ ಇಲ್ಲ, ಹೆಚ್ಚುಕಡಿಮೆ ಯಾವಾಗ ಒತ್ತಿದರೂ ಪಾಸ್! ಬೀಟ್‌ನ ಹತ್ತನೇ ಒಂದು ಭಾಗ ಪೂರ್ತಿ ಅಂಕಕ್ಕೆ, ಐದನೇ ಒಂದು ಭಾಗ ಅರ್ಧ ಅಂಕಕ್ಕೆ ಅಂತ ಇಡಿ. ಪೂರ್ತಿ ಅಂಕದ ಮಿತಿ ಮಾತ್ರ 45 ಮಿಲಿಸೆಕೆಂಡ್‌ಗಿಂತ ಕೆಳಗಿಳಿಯದಿರಲಿ.

7. ಇಬ್ಬರ ನಡುವಿನ ನಂಟು

ಇದಕ್ಕೆ ಸೊನ್ನೆಯಿಂದ ನೂರರವರೆಗಿನ ಒಂದೇ ಸಂಖ್ಯೆ ಸಾಕು. ಲೀಡರ್ ಬೇಗನೆ, ಸ್ಪಷ್ಟವಾಗಿ ದಿಕ್ಕು ಕೊಟ್ಟರೆ ಏರುತ್ತೆ. ಕೊನೆಯ ಗಳಿಗೆಯಲ್ಲಿ ಕೊಟ್ಟರೆ, ಅಥವಾ ಒತ್ತಿ ಹಿಡಿದು ದಿಕ್ಕು ಬದಲಾಯಿಸಿದರೆ, ಇಳಿಯುತ್ತೆ. ಬೇಗ ಇಳಿಯಬೇಕು, ನಿಧಾನಕ್ಕೆ ಏರಬೇಕು. ನಂಟು ಕಡಿಮೆ ಇದ್ದಾಗ ಫಾಲೋವರ್ ಅರ್ಧ ಬೀಟ್ ತಡವಾಗಿ ಹೆಜ್ಜೆ ಇಡುತ್ತಾರೆ. ಆಗ ಲೀಡರ್ ಏನು ಮಾಡಬೇಕು? ಮುಂದಿನ ಬಾರ್‌ನಲ್ಲಿ ಸುಲಭವಾದ ಚೇಂಜ್ ಹಾಕಿ ಜೊತೆಗಾರರಿಗೆ ಸುಧಾರಿಸಿಕೊಳ್ಳಲು ಬಿಡಬೇಕು. ನಿಜವಾದ ನೆಲದಲ್ಲೂ ಒಳ್ಳೆಯ ಲೀಡರ್ ಮಾಡೋದು ಇದನ್ನೇ.

ಈ ಸಂಖ್ಯೆಯನ್ನು ಪರದೆಯ ಮೇಲೆ ಪಟ್ಟಿಯಾಗಿ ತೋರಿಸಬೇಡಿ. ಮೈಯಲ್ಲಿ ತೋರಿಸಿ. ನಂಟು ಇಳಿದಾಗ ಮೊಣಕೈಗಳು ಜೋತುಬೀಳಲಿ, ಇಬ್ಬರ ನಡುವೆ ಅಂತರ ಹೆಚ್ಚಲಿ. ಚೆನ್ನಾಗಿದ್ದಾಗ ಬೆನ್ನು ನೆಟ್ಟಗಿರಲಿ, ತೋಳುಗಳ ಚೌಕಟ್ಟು ಅಗಲವಾಗಲಿ.

ಫಾಲೋವರ್ ಪಾತ್ರವನ್ನೂ ಆಡಲು ಕೊಡಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ನನ್ನ ಮಟ್ಟಿಗೆ ಅದು ಅರ್ಧ ಬಾಲ್‌ರೂಮ್ ಬಿಟ್ಟ ಹಾಗೆ. ಫಾಲೋವರ್‌ಗೆ ಪರದೆಯಲ್ಲಿ ಯಾವ ಸುಳಿವೂ ಇರಬಾರದು. ಲೀಡರ್ ಇಳಿದ ಕ್ಷಣ ಪ್ಯಾಡ್ ಸಣ್ಣಗೆ ನಡುಗಬೇಕು, ದಿಕ್ಕು ಬಂದ ಕಡೆಯ ನಡುಕ ಜೋರಾಗಬೇಕು. ಅದನ್ನು ಕೈಯಲ್ಲಿ ಓದಿ ಅವರು ಟ್ರಿಗರ್ ಬಿಡಬೇಕು. ಸೂಚನೆ ಬರುವ ಮೊದಲೇ ಊಹಿಸಿ ಹೊರಟರೆ ನಂಟು ಇಳಿಯುತ್ತೆ. ಇಬ್ಬರು ಗೆಳೆಯರು ಒಂದೇ ಸೋಫಾದಲ್ಲಿ ಕೂತು ಆಡುವಾಗ ಇದರ ರುಚಿ ಗೊತ್ತಾಗುತ್ತೆ. ಯಾರು ಯಾವ ಪಾತ್ರ ಆಡಬೇಕು ಅನ್ನೋದಕ್ಕೆ ಗಂಡು ಹೆಣ್ಣಿನ ಕಟ್ಟುಪಾಡು ಇಡಬೇಡಿ. ವೈಬ್ರೇಷನ್ ಆಗದವರಿಗೆ ಧ್ವನಿಯ ಸುಳಿವೂ ಇರಲಿ.

8. ನೆಲ ತುಂಬಿಸಿ

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಊರಿನಲ್ಲಿ ವಿಂಟರ್ ಗಾರ್ಡನ್ಸ್ ಅನ್ನುವ ಕಟ್ಟಡ ಇದೆ. ಅದರೊಳಗಿನ ಎಂಪ್ರೆಸ್ ಬಾಲ್‌ರೂಮ್‌ನಲ್ಲಿ 1920ರಿಂದ ಬ್ಲ್ಯಾಕ್‌ಪೂಲ್ ಡ್ಯಾನ್ಸ್ ಫೆಸ್ಟಿವಲ್ ನಡೆದುಬಂದಿದೆ. ಅಲ್ಲಿನ ಆರಂಭದ ಸುತ್ತುಗಳ ವಿಡಿಯೋ ಹುಡುಕಿ ನೋಡಿ. ಚಾಂಪಿಯನ್‌ಗಳನ್ನು ನೋಡಬೇಡಿ, ಅವರ ಸುತ್ತ ಇರುವ ಜಾಗ ನೋಡಿ. ಎದುರಿಗೆ ಜೋಡಿ ಬಂದಾಗ ಲೀಡರ್ ಒಂದು ಬಾರ್ ತಡೆದು ನಿಂತು, ಜಾಗ ಆದ ಮೇಲೆ ಹೊರಡುತ್ತಾರೆ. ಈ ಕೌಶಲಕ್ಕೆ ಫ್ಲೋರ್‌ಕ್ರಾಫ್ಟ್ ಅಂತ ಹೆಸರು. ನಿಮ್ಮ ಗೇಮ್‌ನ ನಿಜವಾದ ಎದುರಾಳಿ ಇದೇ.

ಬೇರೆ ಜೋಡಿಗಳನ್ನು ಕಂಪ್ಯೂಟರ್ ನಡೆಸಬೇಕು. ದೊಡ್ಡ ಬುದ್ಧಿ ಬೇಕಾಗಿಲ್ಲ. ಪ್ರತಿ ಜೋಡಿ ಮೂರನೇ ಬೀಟ್‌ಗೆ ಪಟ್ಟಿಯಿಂದ ಒಂದು ಫಿಗರ್ ಆರಿಸಲಿ. ಅದು ಮುಗಿಯುವ ಜಾಗದಲ್ಲಿ ಒಂದು ಮೀಟರ್ ತ್ರಿಜ್ಯದ ವೃತ್ತ ಕಾಯ್ದಿರಿಸಲಿ. ಜಾಗ ಆಗಲೇ ಬೇರೆಯವರದ್ದಾಗಿದ್ದರೆ ಇನ್ನೊಂದು ಫಿಗರ್ ನೋಡಲಿ, ಯಾವುದೂ ಆಗದಿದ್ದರೆ ಒಂದು ಬಾರ್ ತಡೆದು ನಿಲ್ಲಲಿ. ಆಟಗಾರರಿಗೂ ತಡೆದು ನಿಲ್ಲುವ ಅವಕಾಶ ಇರಬೇಕು: ಹೊಸ ಫಿಗರ್ ಶುರುವಾಗುವಾಗ ದಿಕ್ಕು ಕೊಡದೆ ಟ್ರಿಗರ್ ಬಿಟ್ಟರೆ ಅದೇ. ಇದಕ್ಕೆ ಅಂಕ ಕಳೆಯಬೇಡಿ. ತಡೆದು ನಿಲ್ಲೋದು ತಪ್ಪಲ್ಲ, ಜಾಣತನ.

ಎಚ್ಚರ: ಎಲ್ಲ ಜೋಡಿಗಳೂ ಎಚ್ಚರಿಕೆಯಿಂದ ನಡೆದರೆ ಮೂಲೆಯಲ್ಲಿ ಎಲ್ಲರೂ ನಿಂತುಬಿಡುತ್ತಾರೆ. ಒಂದಿಬ್ಬರಿಗೆ ಸ್ವಲ್ಪ ನುಗ್ಗುವ ಸ್ವಭಾವ ಕೊಡಿ.

9. ಮೈ, ಬಟ್ಟೆ, ಕ್ಯಾಮೆರಾ

ಇಬ್ಬರನ್ನೂ ಬೇರೆ ಬೇರೆ ಚಲಿಸುವ ಗೊಂಬೆಗಳಾಗಿ ಮಾಡಬೇಡಿ. ಇಬ್ಬರ ನಡುವೆ ಒಂದು ಬಿಂದು ಇಟ್ಟು, ಆ ಬಿಂದುವನ್ನು ನೆಲದ ಮೇಲೆ ಚಲಿಸಿ. ಇಬ್ಬರೂ ಅದಕ್ಕೆ ಅಂಟಿಕೊಂಡಿರಲಿ. ಕೈಗಳನ್ನು ಐಕೆ ವಿಧಾನದಲ್ಲಿ ಸೇರಿಸಿ. ಐಕೆ ಅಂದರೆ, ಅಂಗೈ ಎಲ್ಲಿರಬೇಕು ಅಂತ ನೀವು ಹೇಳಿದರೆ ಮೊಣಕೈ ಎಷ್ಟು ಮಡಚಬೇಕು ಅಂತ ಎಂಜಿನ್ ಲೆಕ್ಕ ಹಾಕುವ ವಿಧಾನ. ಪಾದಕ್ಕೂ ಇದನ್ನೇ ಬಳಸಿ. ನೆಲಕ್ಕೆ ಊರಿದ ಪಾದ ಜಾರಿದರೆ ಡ್ಯಾನ್ಸ್ ಗೊತ್ತಿಲ್ಲದವರ ಕಣ್ಣಿಗೂ ಕುಟುಕುತ್ತೆ. ಒಂದು ಚಲನೆಯಿಂದ ಇನ್ನೊಂದಕ್ಕೆ ದಾಟಲು ಒಳ್ಳೆಯ ಜಾಗ ಮೂರನೇ ಬೀಟ್, ಆಗ ಎರಡೂ ಪಾದ ಕೂಡಿರುತ್ತವೆ.

ಮೋಷನ್ ಕ್ಯಾಪ್ಚರ್, ಅಂದರೆ ನಿಜ ಮನುಷ್ಯರ ಚಲನೆಯನ್ನು ದಾಖಲಿಸಿ ಗೊಂಬೆಗೆ ಹಾಕೋದು, ಆಕರ್ಷಕವಾಗಿ ಕಾಣುತ್ತೆ. ಆದರೆ ಅಪ್ಪಿ ಹಿಡಿದ ಇಬ್ಬರನ್ನು ದಾಖಲಿಸುವಾಗ ಒಬ್ಬರ ಮೈ ಇನ್ನೊಬ್ಬರನ್ನು ಮರೆ ಮಾಡುತ್ತೆ, ದತ್ತಾಂಶ ಹರಿದುಹೋಗುತ್ತೆ. ಮೂರು ಫಿಗರ್ ತಾನೇ? ವಿಡಿಯೋ ಎದುರಿಗಿಟ್ಟುಕೊಂಡು ಬ್ಲೆಂಡರ್‌ನಲ್ಲಿ ಕೈಯಾರೆ ಮಾಡಿ.

ಗೌನಿಗೆ ಪೂರ್ತಿ ಬಟ್ಟೆಯ ಸಿಮ್ಯುಲೇಷನ್ ಹಾಕಿದರೆ ಫೋನ್ ಏದುಸಿರು ಬಿಡುತ್ತೆ. ಲಂಗದೊಳಗೆ "ಮೂಳೆ"ಗಳ, ಅಂದರೆ ಗೊಂಬೆಯನ್ನು ಅಲ್ಲಾಡಿಸುವ ಕಣ್ಣಿಗೆ ಕಾಣದ ಕಡ್ಡಿಗಳ, ಕೆಲವು ಸರಪಳಿ ಇಟ್ಟರೆ ಸಾಕು. ಕ್ಯಾಮೆರಾ ಮೇಲಿನಿಂದ ಓರೆಯಾಗಿರಲಿ, ಪಾದವೂ ಹಿಡಿತವೂ ಎರಡೂ ಕಾಣಬೇಕು. ಜೋಡಿಯ ಜೊತೆ ಕ್ಯಾಮೆರಾ ತಿರುಗಲೇಬಾರದು. ನ್ಯಾಚುರಲ್ ಟರ್ನ್ ನಾಲ್ಕು ಸೆಕೆಂಡಿನಲ್ಲಿ 270 ಡಿಗ್ರಿ. ಕ್ಯಾಮೆರಾವೂ ತಿರುಗಿದರೆ ಆಟಗಾರರಿಗೆ ತಲೆ ಸುತ್ತಿ ವಾಂತಿ ಬರುವ ಹಾಗಾಗುತ್ತೆ.

10. ತೀರ್ಪು

ಸ್ಪರ್ಧೆಯ ಫೈನಲ್‌ನಲ್ಲಿ ಸಾಮಾನ್ಯವಾಗಿ ಆರು ಜೋಡಿ. ಪ್ರತಿ ತೀರ್ಪುಗಾರರೂ ಒಂದರಿಂದ ಆರರವರೆಗೆ ಸ್ಥಾನ ಕೊಡುತ್ತಾರೆ. ಆಮೇಲೆ ಸ್ಕೇಟಿಂಗ್ ಸಿಸ್ಟಮ್ ಅನ್ನುವ ಲೆಕ್ಕ. ಅಂಕ ಕೂಡಿಸೋದಿಲ್ಲ, ಬಹುಮತ ನೋಡುತ್ತಾರೆ. ಐವರು ತೀರ್ಪುಗಾರರಿದ್ದರೆ ಬಹುಮತಕ್ಕೆ ಮೂರು. ಯಾರಿಗಾದರೂ ಮೂರು "ಒಂದನೇ ಸ್ಥಾನ" ಸಿಕ್ಕರೆ ಅವರೇ ಗೆದ್ದರು. ಯಾರಿಗೂ ಸಿಗದಿದ್ದರೆ "ಎರಡು ಅಥವಾ ಅದಕ್ಕಿಂತ ಮೇಲು" ಎಷ್ಟು ಅಂತ ಎಣಿಸುತ್ತಾರೆ.

ಒಂದು ಜೋಡಿಗೆ 1, 1, 6, 6, 6 ಬಂತು ಅಂದುಕೊಳ್ಳಿ. ಇನ್ನೊಂದಕ್ಕೆ 2, 2, 2, 2, 1. ಉಳಿದ ಎರಡು ಒಂದನೇ ಸ್ಥಾನ ಬೇರೆಯವರಿಗೆ ಹೋಗಿವೆ. ಮೊದಲ ಜೋಡಿಗೆ ಒಂದನೇ ಸ್ಥಾನ ಎರಡಿದ್ದರೂ ಗೆಲ್ಲೋದು ಎರಡನೆಯದು, ಯಾಕಂದರೆ ಐದೂ ತೀರ್ಪು "ಎರಡು ಅಥವಾ ಮೇಲು". ಒಂದೆರಡು ಬಾರ್ ಮಿಂಚಿ ಉಳಿದದ್ದನ್ನು ಕೆಡಿಸಿದವರಿಗಿಂತ ಕೊನೆವರೆಗೂ ಸ್ಥಿರವಾಗಿ ಕುಣಿದವರಿಗೆ ಬೆಲೆ ಕೊಡುವ ಲೆಕ್ಕ ಇದು. ನಿಮ್ಮ ಗೇಮ್‌ಗೂ ಇದನ್ನೇ ಇಡಿ. ಐವರು ತೀರ್ಪುಗಾರರಿಗೆ ಬೇರೆ ಬೇರೆ ಒಲವು ಕೊಡಿ: ಒಬ್ಬರಿಗೆ ತಾಳ ಮುಖ್ಯ, ಒಬ್ಬರಿಗೆ ನಂಟು, ಒಬ್ಬರಿಗೆ ಫ್ಲೋರ್‌ಕ್ರಾಫ್ಟ್.

ಇನ್ನೊಂದು ಸಂಗತಿ. ಡ್ಯಾನ್ಸ್ ಸುಮಾರು ಒಂದೂವರೆ ನಿಮಿಷ. 90 ಸೆಕೆಂಡಿನಲ್ಲಿ ಆರು ಜೋಡಿ ನೋಡುವ ತೀರ್ಪುಗಾರರಿಗೆ ಒಂದು ಜೋಡಿಗೆ ಸಿಗೋದು 15 ಸೆಕೆಂಡ್. ಅವರು ನೆಲದ ಅಂಚಿನಲ್ಲಿ ನಿಂತಿರುತ್ತಾರೆ. ಅವರು ನಿಮ್ಮ ಕಡೆ ನೋಡುವಾಗ ನೀವು ಇನ್ನೊಂದು ಜೋಡಿಯ ಹಿಂದೆ ಮರೆಯಾಗಿದ್ದರೆ? ಗೇಮ್‌ನಲ್ಲಿ ತೀರ್ಪುಗಾರರ ದೃಷ್ಟಿ ಎತ್ತ ಇದೆ ಅಂತ ಅವರ ತಲೆ ತಿರುಗುವುದರಿಂದ ತೋರಿಸಿ. ಯಾರ ಮುಂದೆ ಯಾವ ಫಿಗರ್ ಹಾಕಬೇಕು ಅಂತ ಆಟಗಾರರು ತಾವೇ ಯೋಜನೆ ಹಾಕಲು ಶುರು ಮಾಡುತ್ತಾರೆ.

11. ಪರೀಕ್ಷೆ, ಆಮೇಲೆ ಎರಡನೇ ಡ್ಯಾನ್ಸ್

ಎರಡು ಬಗೆಯವರ ಕೈಗೆ ಕೊಡಿ: ಡ್ಯಾನ್ಸ್ ಬರುವವರು, ಡ್ಯಾನ್ಸ್ ಬರದೆ ಗೇಮ್ ಆಡುವವರು. ಆಡುವಾಗ ಹಿಂದೆ ನಿಂತು ಏನೂ ಹೇಳಬೇಡಿ. ಅವರ ಕಣ್ಣು ಎಲ್ಲಿದೆ ಅಂತ ಮಾತ್ರ ನೋಡಿ. ಜೋಡಿ ಮತ್ತು ನೆಲದ ಮೇಲಿದ್ದರೆ ಡಿಸೈನ್ ಸರಿದಾರಿಯಲ್ಲಿದೆ. ಪರದೆಯ ಅಂಚಿನ ಗುರುತುಗಳ ಮೇಲೇ ಇದ್ದರೆ ಆರನೇ ಹಂತಕ್ಕೆ ವಾಪಸ್ ಹೋಗಿ ಗುರುತುಗಳನ್ನು ತೆಗೆಯಿರಿ. ಡ್ಯಾನ್ಸ್ ಬರುವವರು "ಮೂರಕ್ಕೆ ಇಳಿಯೋದು ತಡ ಆಯ್ತು" ಅಂತ ತಮ್ಮ ಭಾಷೆಯಲ್ಲೇ ಗೊಣಗಿದರೆ ಖುಷಿಪಡಿ, ಗೇಮ್ ಅವರಿಗೆ ಡ್ಯಾನ್ಸ್ ಥರ ಅನ್ನಿಸಿದೆ.

ವಾಲ್ಟ್ಜ್ ಗಟ್ಟಿಯಾದ ಮೇಲೆ ಟ್ಯಾಂಗೊ ಸೇರಿಸಿ. ಅದರಲ್ಲಿ ಏರಿಳಿತವೇ ಇಲ್ಲ, ಹಾಗಾಗಿ ಟ್ರಿಗರ್‌ಗೆ ಬೇರೆ ಅರ್ಥ ಬೇಕು: ಮಂಡಿ ಮಡಚಿದ್ದು ಹಾಗೇ ಇರುತ್ತೆ, ಒತ್ತಿದಾಗ ಮೈ ಬಿಗಿಯಾಗಿ ನಿಲ್ಲಲಿ, ಬಿಟ್ಟಾಗ ಹೆಜ್ಜೆ ಚುರುಕಾಗಿ ಬೀಳಲಿ. ಪಟ್ಟಿಯಲ್ಲಿ ಹೊಸ ಸಾಲುಗಳು ಬರುತ್ತವೆ, ಕೋಡ್ ಹೆಚ್ಚು ಬದಲಾಗಬಾರದು. ಬದಲಾಗುತ್ತಿದ್ದರೆ ಮೂರನೇ ಹಂತದ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಫಾಕ್ಸ್‌ಟ್ರಾಟ್‌ನಲ್ಲಿ "ಸ್ಲೋ" ಎರಡು ಬೀಟ್, "ಕ್ವಿಕ್" ಒಂದು ಬೀಟ್; ಪಟ್ಟಿಗೆ ಪ್ರತಿ ಹೆಜ್ಜೆಯ ಉದ್ದದ ಒಂದು ಕಾಲಂ ಸೇರಿಸಿಕೊಳ್ಳಿ. ನಿಮಿಷಕ್ಕೆ 200 ಬೀಟ್ ದಾಟುವ ಕ್ವಿಕ್‌ಸ್ಟೆಪ್ ಅನ್ನು ಕೊನೆಗೆ ಇಡಿ. ಅದನ್ನು ಶುರು ಮಾಡುವ ಮೊದಲು ಆಡಿಯೋ ವಿಳಂಬದ ಪರೀಕ್ಷೆಯನ್ನು ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್ ಫೋನ್‌ನಲ್ಲಿ ಮತ್ತೆ ಮಾಡಿ.